ಘಾಟಿ ಡ್ರೈವರೂ ಸಿಮೆಂಟಿನ ಗುಡ್ಡವೂ

ಲಾರಿ ಓಡಿಸುವವನು ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಎದುರಿನಿಂದ ಲೈಟ್ ಹಾಕಿಕೊಂಡು ಬರುತ್ತವೆ. ಕಳಸದಿಂದ ಚಿಕ್ಕಮಗಳೂರಿಗೆ ಕಾಫಿ ಚೀಲ, ಮೂಡಿಗೆರೆಯಿಂದ ಘಾಟಿ ಇಳಿದು ಮಂಗಳೂರಿಗೆ ಕಾಳುಮೆಣಸು, ಬರುವಾಗ ಹಂಚು, ಉಪ್ಪು, ಗೊಬ್ಬರ. ಹೀಗೆ ನನ್ನ ತಲೆಗೂದಲೆಲ್ಲ ಸ್ಟಿಯರಿಂಗ್ ಹಿಂದೆಯೇ ಬೆಳ್ಳಗಾಯಿತು. ಈ ಗುಡ್ಡಗಳಲ್ಲಿ ನನಗೆ ಗೊತ್ತಿಲ್ಲದ ತಿರುವಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಅಂಥ ನನ್ನನ್ನು ಈ ವಯಸ್ಸಿನಲ್ಲಿ ಸರ್ಕಾರ ಕರೆದು, ನಿನಗೆ ಲಾರಿ ಓಡಿಸಲು ಬರುತ್ತದೋ ಇಲ್ಲವೋ ತೋರಿಸು ಎಂದಿತು.

ಆದದ್ದು ಇಷ್ಟೇ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತಿದ್ದಾಗ ಹೆವಿ ಲೈಸೆನ್ಸಿನ ಅವಧಿ ಮುಗಿದಿತ್ತು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವುದರಲ್ಲಿ ಅದರ ಮೇಲೊಂದು ವರ್ಷವೂ ದಾಟಿತು. ಹಾಗಾದರೆ ಹೊಸಬರ ಹಾಗೆ ಟೆಸ್ಟ್ ಕೊಡಬೇಕು, ಈಗಿನ ರೂಲ್ಸು. ಲಾರಿ ಮಾಲೀಕರು, "ಪಾಸಾಗಿ ಬಾ, ಕೀ ಕೊಡ್ತೀನಿ. ಇಲ್ದಿದ್ರೆ ನಿನ್ನ ಸೀಟು ಬದಲಿ ಡ್ರೈವರಿಗೇ ಕಾಯಂ" ಎಂದುಬಿಟ್ಟರು. ಸೀಟು ಸಿಕ್ಕಿತೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಟೆಸ್ಟ್ ಕೊಡಲು ಹೊರಟವನು ಎಂಥ ಡ್ರೈವರ್ ಎಂಬುದು ನಿಮಗೆ ಗೊತ್ತಾಗಬೇಕಲ್ಲ.

ಸಂಚಾರಿ ದೇವರು

ನಾನು ಮೊದಲು ಓಡಿಸಿದ ಲಾರಿಯಲ್ಲಿ ಹ್ಯಾಂಡ್‌ಬ್ರೇಕ್ ಇದ್ದದ್ದು ಟವೆಲ್ ನೇತುಹಾಕಲಿಕ್ಕೆ. ಏರಿನಲ್ಲಿ ನಿಲ್ಲಿಸಿದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲೇಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋದವನ ಕುಲಗೋತ್ರವನ್ನೆಲ್ಲ ಹಿಂದೆ ಬರುವ ಡ್ರೈವರುಗಳು ಜಾಲಾಡಿಬಿಡುತ್ತಿದ್ದರು. ಆ ಗೋಳೇ ಬೇಡವೆಂದು ನಾನು ಕಳಸದ ಹತ್ತಿರ ಭದ್ರಾ ಹೊಳೆಯಲ್ಲಿ ಒಂದು ಕಲ್ಲು ಆರಿಸಿ ಸೀಟಿನಡಿಯಲ್ಲಿ ಇಟ್ಟುಕೊಂಡೆ. ಕರ್ರಗೆ ಮಿರಮಿರ ಮಿಂಚುವ ಕಲ್ಲು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಓರೆ. ಚಕ್ರದಡಿಗೆ ಹೇಳಿ ಮಾಡಿಸಿದ ಹಾಗಿತ್ತು.

ಒಂದು ದಿನ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿದೆ. ಬಸ್ಸಿಗೆ ದಾರಿ ಬಿಡಬೇಕಾಗಿ ಬಂದು, ಚಕ್ರದ ಕಲ್ಲು ತೆಗೆದು ಹಲಸಿನ ಮರದ ಬುಡಕ್ಕೆ ಒರಗಿಸಿ, ಲಾರಿಯನ್ನು ಮುಂದಿನ ಸಮತಟ್ಟಿಗೆ ತಂದು ಹೋಟೆಲಿಗೆ ಹೋದೆ. ಬಂದು ನೋಡುತ್ತೇನೆ, ಕಲ್ಲಿಗೆ ಕುಂಕುಮ, ನೆತ್ತಿಯ ಮೇಲೆ ದಾಸವಾಳ, ಮುಂದೆ ಊದುಬತ್ತಿ! ಹೂವಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ಬಸ್ಸಿನ ಕಿಟಕಿಗಳಿಂದ ಜನ ಕೈ ಮುಗಿಯುತ್ತಿದ್ದರು.

ನಾನು ಮೆಲ್ಲಗೆ ಹೋಗಿ ಕಲ್ಲನ್ನು ಎತ್ತಿ ಕಂಕುಳಿಗೆ ಸೇರಿಸಿದೆ. ಬಸ್ಸಿನ ಕಂಡಕ್ಟರ್ ಓಡಿ ಬಂದ.

"ಏ ಏ, ದೇವ್ರನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತೀರಿ ಮಾರಾಯ್ರೆ?"

ನನ್ನ ಲಾರಿಯ ಕಲ್ಲು ಎಂದರೆ ಅಷ್ಟು ಜನರ ಭಕ್ತಿ ನನ್ನ ಬೆನ್ನ ಮೇಲೆ ಇಳಿಯುತ್ತಿತ್ತು. "ಇದು ಸಂಚಾರಿ ದೇವ್ರು ಮಾರಾಯ. ಘಾಟಿ ಇಳಿಯೋಕೆ ಮುಂಚೆ ಒಂದು ಟೀ ಕುಡಿಯಕ್ಕೆ ಅಂತ ಇಲ್ಲಿ ಇಳಿದಿದ್ದು" ಎಂದೆ.

ಅಜ್ಜಿ ಕಣ್ಣು ಬಿಟ್ಟು ಹೋಟೆಲಿನವನನ್ನು ಕೂಗಿದರು: "ಹಂಗಾದ್ರೆ ನೋಡ್ತಾ ನಿಂತಿದ್ದೀಯಲ್ಲೋ! ಸಕ್ರೆ ಜಾಸ್ತಿ ಹಾಕಿ ಒಂದು ಲೋಟ ತಗಂಬಾ."

ಹಿಂದೆ ಹೋಗದ ಮನೆತನ

ಘಾಟಿಯ ದೊಡ್ಡ ಕಾನೂನು ಒಂದೇ. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಲೋಡು ಹೊತ್ತು ಏದುಸಿರು ಬಿಡುತ್ತ ಬರುವ ಲಾರಿ ನಡುವೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಇದನ್ನು ಯಾವ ಬೋರ್ಡೂ ನಮಗೆ ಕಲಿಸಲಿಲ್ಲ. ಎದುರು ಏರುವ ಗಾಡಿ ಕಂಡರೆ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ, ಕೈ ತಾನಾಗಿಯೇ ಕಿಟಕಿಯಿಂದ ಹೊರಗೆ ಬಂದು 'ಬಾ ಬಾ' ಎನ್ನುತ್ತದೆ.

ಈ ಕಾನೂನಿಗೆ ಒಬ್ಬರು ಮಾತ್ರ ಒಳಪಡುತ್ತಿರಲಿಲ್ಲ. ದೇವರಮನೆ ಕಡೆಯ ಹಳೆಯ ಪ್ಲಾಂಟರ್, ನಾವೆಲ್ಲ ದೊಡ್ಡ ಗೌಡ್ರು ಎನ್ನುತ್ತಿದ್ದೆವು. ಒಂದು ಸಲ ನಾನು ಗೊಬ್ಬರ ತುಂಬಿಕೊಂಡು ಏರುತ್ತಿದ್ದೆ. ಎದುರಿನಿಂದ ಅವರ ಜೀಪು ಇಳಿದು ಬಂತು. ಒಂದೇ ಗಾಡಿ ಹಿಡಿಯುವ ರಸ್ತೆ. ಎರಡೂ ಮೂಗಿಗೆ ಮೂಗು ತಾಗಿಸಿ ನಿಂತವು.

"ಗೌಡ್ರೆ, ಸ್ವಲ್ಪ ಹಿಂದೆ ತಗಳಿ. ನಂದು ಲೋಡು ಗಾಡಿ" ಎಂದೆ.

"ನೋಡು, ನಮ್ಮ ಅಜ್ಜ ಹಿಂದೆ ಹೋಗಿಲ್ಲ, ಅಪ್ಪ ಹಿಂದೆ ಹೋಗಿಲ್ಲ. ನಾನು ಹೋಗ್ತೀನಾ?" ಎಂದು ಅವರು ಮೀಸೆ ತಿರುವಿ ಕೂತರು.

ನನ್ನ ಹಿಂದೆ ಒಂದು ಬಸ್ಸು ಬಂತು, ಹಾಲಿನ ವ್ಯಾನು ಬಂತು, ಎಸ್ಟೇಟಿನ ಆಳುಗಳನ್ನು ತುಂಬಿದ ಪಿಕಪ್ಪು ಬಂತು. ಎಲ್ಲರೂ ಇಳಿದು ಬಂದು ಗೌಡರಿಗೆ ಕೈ ಮುಗಿದರು. ಗೌಡರು ಅಲ್ಲಾಡಲಿಲ್ಲ. ಕೊನೆಗೆ ಅವರ ಡ್ರೈವರ್ ನನ್ನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದ: "ಅಣ್ಣಾ, ಅವ್ರನ್ನ ಕೇಳಿ ಏನು ಪ್ರಯೋಜನ? ಈ ಜೀಪಿಗೆ ರಿವರ್ಸ್ ಬಿದ್ದು ಎಷ್ಟೋ ಕಾಲ ಆಯ್ತು."

ಇನ್ನೇನು ಮಾಡುವುದು? ಬಸ್ಸಿನ ಪ್ರಯಾಣಿಕರು, ಆಳುಗಳು, ನಾನು ಎಲ್ಲ ಸೇರಿ ಜೀಪಿನ ಮೂತಿಗೆ ಹೆಗಲು ಕೊಟ್ಟು ಹಿಂದಕ್ಕೆ, ಏರಿಗೆ ತಳ್ಳಿದೆವು. ಗೌಡರು ಇಳಿಯಲಿಲ್ಲ. ಒಳಗೆ ಕೂತೇ ಹಿಂದೆ ನೋಡಿ "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು. ಅಗಲದ ಜಾಗ ಸಿಕ್ಕಿ ನಾವು ಬೆವರು ಒರೆಸಿಕೊಳ್ಳುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಎಲ್ರೂ ನೋಡಿದ್ದೀರಲ್ಲ? ನಾನು ಹಿಂದೆ ಹೋಗಿದ್ದಲ್ಲ, ನೀವು ತಳ್ಳಿದ್ದು."

ಮೊದಲ ಸಲ ಘಾಟಿ ನೋಡುವವರು

ಆಮೇಲೆ ರಸ್ತೆಗಳು ಅಗಲವಾದವು, ರೂಲ್ಸುಗಳೂ ಬಂದವು. ಮೊದಲು ಬಂದದ್ದು ಸೀಟ್ ಬೆಲ್ಟು. ನಮ್ಮ ಕಾಲದ ಡ್ರೈವರುಗಳು ಘಾಟಿ ಇಳಿಯುವಾಗ ಬಾಗಿಲನ್ನು ಅರ್ಧ ತೆರೆದಿಟ್ಟು, ಬ್ರೇಕ್ ಕೈಕೊಟ್ಟರೆ ಹಾರಲು ತಯಾರಾಗಿ, ಸೀಟಿನ ಅಂಚಿನಲ್ಲಿ ಕೂರುತ್ತಿದ್ದರು. ಅಂಥವರಿಗೆ ಬೆಲ್ಟು ಕಟ್ಟಿಕೊಳ್ಳಿ ಎಂದರೆ ಹೇಗಾಗಬೇಡ? ನಾನೇನೋ ಒಗ್ಗಿಕೊಂಡೆ. ಮರೆತದ್ದು ಒಂದೇ ಸಲ, ಅದೂ ಹಲಸಿನ ಹಣ್ಣಿನಿಂದ.

ಕಳಸದಲ್ಲಿ ನನ್ನ ಹೆಂಡತಿಯ ತವರಿನವರು ಒಂದು ಭಾರಿ ಹಲಸಿನ ಹಣ್ಣು ಕೊಟ್ಟಿದ್ದರು. ಅದನ್ನು ಪಕ್ಕದ ಸೀಟಿನಲ್ಲಿ ಇಟ್ಟರೆ, ಪ್ರತಿ ತಿರುವಿಗೂ ಉರುಳಿ ಬಂದು ನನ್ನ ತೊಡೆಗೆ ಮುಳ್ಳು ಚುಚ್ಚುತ್ತಿತ್ತು. ರೇಗಿಹೋಗಿ ಲಾರಿ ನಿಲ್ಲಿಸಿ, ಆ ಸೀಟಿನ ಬೆಲ್ಟನ್ನು ಎಳೆದು ಹಣ್ಣಿಗೆ ಬಿಗಿಯಾಗಿ ಹಾಕಿದೆ. ಆ ಗಡಿಬಿಡಿಯಲ್ಲಿ ನನ್ನ ಬೆಲ್ಟು ಮರೆತೇಹೋಯಿತು. ಮೂಡಿಗೆರೆ ಹತ್ತಿರ ಪೊಲೀಸಿನವರು ಕೈ ಅಡ್ಡ ಹಿಡಿದರು. ಒಬ್ಬರು ಹತ್ತಿರ ಬಂದು ಇಣುಕಿ ನೋಡಿದರು. ನನ್ನನ್ನು ನೋಡಿದರು, ಹಣ್ಣನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಏನ್ರೀ ಇದು? ಹಣ್ಣಿಗೆ ಬೆಲ್ಟಿದೆ, ನಿಮಗಿಲ್ಲ?"

"ನಾನು ದಿನಾ ಬರೋನು ಸಾರ್" ಎಂದೆ. "ಅದಕ್ಕೆ ಘಾಟಿ ಇದೇ ಮೊದಲು."

ಅವರು ನಕ್ಕರು. ದಂಡ ಮಾತ್ರ ಬಿಡಲಿಲ್ಲ.

ನಂಬಿ ಬಂದ ಕಾರು

ಈಗ ಎಲ್ಲರ ಕೈಯಲ್ಲೂ ದಾರಿ ತೋರಿಸುವ ಮೊಬೈಲಿದೆ. ಆದರೆ ನಮ್ಮ ಗುಡ್ಡಗಳಲ್ಲಿ ಅದು ಅರ್ಧ ದಾರಿಗೆ ಮಾತು ನಿಲ್ಲಿಸುತ್ತದೆ. ಹಾಗೆ ನೆಟ್‌ವರ್ಕ್ ಕಳೆದುಕೊಂಡ ಒಂದು ಕಾರು, ಒಳಗೆ ಗಂಡ, ಹೆಂಡತಿ, ಅಜ್ಜ, ಅಜ್ಜಿ, ನನ್ನ ಲಾರಿಯ ಬೆನ್ನು ಹಿಡಿಯಿತು. ಲಾರಿ ಹೇಗೂ ಊರಿಗೇ ಹೋಗುತ್ತದೆ ಎಂದು ಅವರ ಲೆಕ್ಕಾಚಾರ. ನಾನು ಹೋಗುತ್ತಿದ್ದದ್ದು ಅತ್ತಿಗುಂಡಿ ಕಡೆಯ ಒಂದು ಎಸ್ಟೇಟಿಗೆ.

ನಾನು ಬದಿಗೆ ಸರಿದು ದಾರಿ ಬಿಟ್ಟರೆ ಅವರೂ ಬದಿಗೆ ಸರಿದು ನಿಂತರು. ನಾನು ಇಳಿದು ರೇಡಿಯೇಟರಿಗೆ ನೀರು ಹಾಕಿದರೆ ಅವರೂ ಇಳಿದು ಮೈ ಮುರಿದರು. ಕೊನೆಗೆ ನಾನು ಎಸ್ಟೇಟಿನ ಗೇಟು ಹೊಕ್ಕು ಕಾಫಿ ಒಣಹಾಕಿದ ಕಣದ ಪಕ್ಕ ನಿಲ್ಲಿಸಿದೆ. ನನ್ನ ಹಿಂದೆಯೇ ಅವರೂ ಬಂದು ಕಾರು ನಿಲ್ಲಿಸಿದರು.

ಆ ದಿನ ಆ ಮನೆಗೆ ಹಾಸನದ ಕಡೆಯಿಂದ ಹೆಣ್ಣು ನೋಡಲು ಬರುವವರಿದ್ದರು. ಕಾರಿನಿಂದ ಹಿರಿಯರು ಇಳಿದದ್ದೇ ತಡ, ಎಸ್ಟೇಟ್ ಸಾಹುಕಾರರು ಓಡಿ ಬಂದು ಒಳಗೆ ಕರೆದುಕೊಂಡು ಹೋದರು. ಕಡುಬು, ಕಾಯಿಚಟ್ನಿ, ಜೇನುತುಪ್ಪ, ಕಾಫಿ, ಎಲ್ಲ ಆಯಿತು. ಬಂದವರು ಇದನ್ನು ಹೋಮ್‌ಸ್ಟೇ ಎಂದು ತಿಳಿದು ಎರಡೆರಡು ಸಲ ಬಡಿಸಿಕೊಂಡರು. ಹುಡುಗಿ ತಟ್ಟೆ ಹಿಡಿದು ಬಂದಾಗ ಅಜ್ಜ, "ಸರ್ವಿಸ್ ಚೆನ್ನಾಗಿದೆ" ಎಂದರಂತೆ. ಆಮೇಲೆ ಅವರ ಸೊಸೆ ಎದ್ದು, ನಮ್ಮ ರೂಮ್ ತೋರಿಸಿ, ಬಿಸಿನೀರು ಬರುತ್ತದಾ ಎಂದು ಕೇಳಿದಾಗಲೇ ಗುಟ್ಟು ಬಯಲಾದದ್ದು.

ನೆಟ್‌ವರ್ಕ್ ಸಿಕ್ಕ ಮೇಲೆ ಅವರು ಆ ಮನೆಯ ಬಗ್ಗೆ ಮೊಬೈಲಿನಲ್ಲಿ ಬರೆದದ್ದನ್ನು ಸಾಹುಕಾರರ ಮಗಳೇ ನನಗೆ ಓದಿ ಹೇಳಿದಳು: "ಊಟ ಬಹಳ ಚೆನ್ನಾಗಿದೆ. ಕರೆದುಕೊಂಡು ಹೋಗಲು ಲಾರಿ ಕಳಿಸುತ್ತಾರೆ. ಮನೆಯವರು ಮಾತ್ರ ನಾವು ಹೊರಡುವಾಗ ಯಾಕೋ ಮಂಕಾಗಿದ್ದರು."

ಆಸ್ಪತ್ರೆಯ ತಿರುವು

ಇಷ್ಟೆಲ್ಲ ನೋಡಿದ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮುಗಿಸಿ, ಒಂದು ಕಣ್ಣಿಗೆ ದಪ್ಪ ಪಟ್ಟಿ ಕಟ್ಟಿ, ಇನ್ನೊಂದನ್ನೂ ಮುಚ್ಚಿಕೊಂಡಿರಿ ಎಂದು ಹೇಳಿ ಗಾಲಿ ಕುರ್ಚಿಯಲ್ಲಿ ಕೂರಿಸಿದರು. ಅಟೆಂಡರ್ ಒಬ್ಬ ಕುರ್ಚಿ ತಳ್ಳುತ್ತಿದ್ದ. ನನ್ನ ಜೀವನದಲ್ಲಿ ಬೇರೆಯವನ ಡ್ರೈವಿಂಗಿನಲ್ಲಿ ಕಣ್ಣು ಮುಚ್ಚಿ ಕೂತದ್ದು ಅದೇ ಮೊದಲು. ಭಯವಾಯಿತು, ಸುಳ್ಳು ಯಾಕೆ ಹೇಳಲಿ?

ಕುರ್ಚಿ ವಾಲಿದ್ದರಿಂದ ತಿರುವು ಬಂತೆಂದು ಗೊತ್ತಾಯಿತು. "ಹಾರ್ನ್ ಹೊಡಿ ಮಾರಾಯ" ಎಂದೆ.

"ಇದು ಆಸ್ಪತ್ರೆ ಯಜಮಾನ್ರೆ. ಇಲ್ಲಿ ಶಬ್ದ ಮಾಡಂಗಿಲ್ಲ" ಎಂದು ಅವನು ಕುರ್ಚಿಯನ್ನು ಹಾಗೇ ತಿರುಗಿಸಿದ. ಎದುರಿನಿಂದ ನರ್ಸಮ್ಮ ಟ್ರೇ ಹಿಡಿದು ಬರುತ್ತಿದ್ದರು. ಢಣಢಣ ಎಂದು ಕತ್ತರಿ, ಬಟ್ಟಲು, ಹತ್ತಿ ಎಲ್ಲ ನನ್ನ ಮಡಿಲಿಗೆ ಬಂದು ಬಿದ್ದವು. ನನಗೇನೂ ಪೆಟ್ಟಾಗಲಿಲ್ಲ. ಹೇಳಿದ್ದೆನಲ್ಲ ಎಂಬ ಸಮಾಧಾನ ಬೇರೆ ಇತ್ತು.

ಮುಂದಿನ ತಿರುವು ಬಂದಾಗ ನಾನು ಬಾಯಿ ಬಿಡಲಿಲ್ಲ. ಅಟೆಂಡರೇ ನಿಧಾನ ಮಾಡಿ, ಬಗ್ಗಿ, ಮೆಲ್ಲಗೆ "ಪೋಂ ಪೋಂ" ಎಂದ.

ನನ್ನ ಸೀಟಿನಲ್ಲಿ ಬೇರೆಯವನ ದಿಂಬು

ಕಣ್ಣು ಸರಿಯಾಯಿತು, ಲೈಸೆನ್ಸು ಹೋಯಿತು. ನನ್ನ ಲಾರಿಗೆ ಬಯಲುಸೀಮೆಯ ಕಡೆಯ ಬದಲಿ ಡ್ರೈವರ್ ಬಂದ. ಮನುಷ್ಯ ಕೆಟ್ಟವನಲ್ಲ. ಆದರೆ ನನ್ನ ಸೀಟಿಗೆ ಹೂವಿನ ದಿಂಬು ಹಾಕಿದ್ದ, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿದ್ದ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಅದು ಸಾಲದು ಎಂದು ಸೀಟಿನಡಿಯಿಂದ ನನ್ನ ಭದ್ರಾ ಕಲ್ಲನ್ನು ಎಳೆದು ಕೈಯಲ್ಲಿ ಹಿಡಿದು ಕೇಳಿದ: "ಇದ್ಯಾಕಣ್ಣ ಕಲ್ಲು ಹೊತ್ಕೊಂಡು ತಿರುಗ್ತೀರ? ಈಗಿನ ಗಾಡಿಗೆ ಹ್ಯಾಂಡ್‌ಬ್ರೇಕ್ ಗಟ್ಟಿ ಐತೆ. ಎಸೆದುಬಿಡ್ಲಾ?"

"ಎಸೆ. ಆದ್ರೆ ಅದಕ್ಕೆ ಟೀ ಕುಡಿಸಿ ಎಸೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೆದರಿ ವಾಪಸ್ ಇಟ್ಟ.

ಇಬ್ಬರೂ ಫೇಲ್

ಟೆಸ್ಟ್ ನಡೆಯುವ ಟ್ರ್ಯಾಕ್ ಇರುವುದು ಬಯಲಿನಲ್ಲಿ. ಅಲ್ಲಿ ಗುಡ್ಡವಿಲ್ಲದ್ದರಿಂದ ಸಿಮೆಂಟಿನಲ್ಲಿ ಒಂದು ಗುಡ್ಡ ಕಟ್ಟಿದ್ದಾರೆ. ನಮ್ಮ ಮನೆಯ ಕೊಟ್ಟಿಗೆಗೆ ಹೋಗುವ ಏರು ಇದಕ್ಕಿಂತ ಹೆಚ್ಚು. ಚಾರ್ಮಾಡಿ ಘಾಟಿ ಇಳಿದವನು ಇದನ್ನು ಹತ್ತಿ ತೋರಿಸಬೇಕು! ನೆಲದಲ್ಲೆಲ್ಲ ಸೆನ್ಸರು, ಕಂಬದಲ್ಲೆಲ್ಲ ಕ್ಯಾಮೆರಾ, ಮಾರ್ಕು ಹಾಕಲು ಕಂಪ್ಯೂಟರು. ಬದಲಿ ಡ್ರೈವರೇ ಲಾರಿ ತಂದುಕೊಟ್ಟು ಬದಿಗೆ ನಿಂತ.

ಎಂಟರ ಆಕಾರದಲ್ಲಿ ತಿರುಗಿಸಿದೆ, ಹಾರ್ನ್ ಮುಟ್ಟಲಿಲ್ಲ. ರಿವರ್ಸ್ ತೆಗೆದೆ, ಗೆರೆ ತಾಗಲಿಲ್ಲ. ಗುಡ್ಡ ಹತ್ತಿ ಇಳಿಯತೊಡಗಿದೆ. ಅಷ್ಟರಲ್ಲಿ ಪಕ್ಕದ ದಾರಿಯಲ್ಲಿ, ಕೆಳಗಿನಿಂದ ಒಂದು ಪುಟ್ಟ ಕಾರು ಏರುತ್ತ ಬಂತು. ಓಡಿಸುತ್ತಿದ್ದವರು ನಮ್ಮ ಕಡೆಯದೇ ಒಂದು ದೇವಸ್ಥಾನದ ಭಟ್ಟರು. ಪೂಜೆಗೆ ಊರೂರು ತಿರುಗಲು ಹೊಸದಾಗಿ ಕಾರು ಕಲಿತಿದ್ದರು. ಏರುವ ಗಾಡಿ ಕಂಡಿತು. ನನ್ನ ಕಾಲು ಬ್ರೇಕಿಗೆ ಹೋಯಿತು. ಇಳಿಜಾರಿನ ನಡುವೆ ಲಾರಿ ನಿಲ್ಲಿಸಿ, ಕಿಟಕಿಯಿಂದ ಕೈ ಹಾಕಿ 'ಬಾ ಬಾ' ಎಂದು ಬೀಸಿದೆ.

ಇನ್ಸ್‌ಪೆಕ್ಟರು ಓಡಿ ಬಂದರು. "ಯಾಕ್ರೀ ನಿಲ್ಲಿಸಿದ್ರಿ?"

"ಏರೋ ಗಾಡಿ ಬಂತಲ್ಲ ಸಾರ್."

"ಅದು ಬೇರೆ ಟ್ರ್ಯಾಕ್ ಕಣ್ರೀ! ನಡುವೆ ಗೆರೆ ಕಾಣಲ್ವಾ?"

ಕಂಪ್ಯೂಟರ್ ಆಗಲೇ ನನ್ನನ್ನು ಫೇಲ್ ಮಾಡಿತ್ತು. ಭಟ್ಟರನ್ನೂ ಮಾಡಿತ್ತು. ನಾನು ಕೈ ಬೀಸಿದ್ದು ನೋಡಿ ಅವರು, ಯಾರೋ ಭಕ್ತರು ಎಂದುಕೊಂಡು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದ್ದರು.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ನಿಜಕ್ಕೂ ಅಳು ಬಂತು. ಬಸ್ಸು ತಿರುವಿಗೆ ಬಂದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಇನ್ನೊಂದು ಸಲ ಫೇಲಾದರೆ ಬದಲಿ ಡ್ರೈವರನ್ನೇ ಕಾಯಂ ಮಾಡುತ್ತೇನೆ ಎಂದು ಮಾಲೀಕರು ಫೋನಿನಲ್ಲೇ ಹೇಳಿದ್ದರು.

ಕಲ್ಲು ಪಾಸ್

ಎರಡನೇ ಸಲಕ್ಕೆ ನನ್ನ ಹೆಂಡತಿಯೂ ಹೊರಟಳು. "ಹಾರ್ನ್ ಹೊಡೀಬೇಡಿ, ಕೈ ಬೀಸಬೇಡಿ, ಯಾರು ಬಂದ್ರೂ ನಿಲ್ಲಬೇಡಿ" ಎಂದು ದಾರಿಯುದ್ದಕ್ಕೂ ಪಾಠ ಮಾಡಿದಳು. ಇನ್ಸ್‌ಪೆಕ್ಟರೂ ಕರೆದು ಹೇಳಿದರು: "ಗುಡ್ಡ ಹತ್ತುವಾಗ ಬಿಳಿ ಗೆರೆ ಹತ್ರ ಮಾತ್ರ ನಿಲ್ಲಿಸಿ. ಅಲ್ಲಿ ಎಷ್ಟು ಹೊತ್ತು ನಿಂತ್ರೂ ಪರ್ವಾಗಿಲ್ಲ, ಗಾಡಿ ಹಿಂದೆ ಜಾರಬಾರದು."

ಎಲ್ಲವೂ ಸರಿಯಾಗಿ ಸಾಗಿತು. ಬಿಳಿ ಗೆರೆಯ ಹತ್ತಿರ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಪಕ್ಕದ ದಾರಿ ನೋಡಬಾರದು ಎಂದುಕೊಂಡೇ ನೋಡಿದೆ. ಭಟ್ಟರ ಕಾರು! ಅವರೂ ಎರಡನೇ ಸಲಕ್ಕೆ ಬಂದಿದ್ದರು. ಗುಡ್ಡದ ಆಚೆ ಬದಿಯಿಂದ ಅರ್ಧ ಏರಿದ ಕಾರು ಗಕ್ಕನೆ ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಭಟ್ಟರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಕಾರಿನ ಹಿಂದೆ, ಬೆನ್ನು ಹಾಕಿ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದವನು ಈ ಸಲವೂ ಲಾರಿ ತಂದುಕೊಟ್ಟ ಬದಲಿ ಡ್ರೈವರ್. ಕೂಗಿದೆ, ಅವನಿಗೆ ಕೇಳಿಸಲಿಲ್ಲ.

ಇಳಿದರೆ ನನ್ನ ಸೀಟು ಹೋಯಿತು. ಇಳಿಯದಿದ್ದರೆ ಅವನ ಕಾಲು ಹೋಯಿತು. ತಲೆ ಇನ್ನೂ ಯೋಚಿಸುತ್ತಿತ್ತು, ಕೈ ಆಗಲೇ ಬೆಲ್ಟು ಬಿಚ್ಚಿ ಸೀಟಿನಡಿಗೆ ಹೋಗಿತ್ತು. ಕಲ್ಲು ಹಿಡಿದು ಹಾರಿ, ಗೆರೆ ದಾಟಿ ಓಡಿ ಕಾರಿನ ಹಿಂದಿನ ಚಕ್ರಕ್ಕೆ ಕೊಟ್ಟೆ. ಕಾರು ಗಟ್ಟಿಯಾಗಿ ನಿಂತಿತು. ಬದಲಿ ಡ್ರೈವರ್ ಆಗ ತಿರುಗಿ ನೋಡಿ, ಮೊಬೈಲನ್ನು ಕೈಬಿಟ್ಟ.

ಭಟ್ಟರು ಕಣ್ಣು ಬಿಟ್ಟರು, ಕೆಳಗಿಳಿದರು, ಚಕ್ರದ ಹಿಂದಿನ ಕರಿ ಕಲ್ಲನ್ನು ಕಂಡು ಅಲ್ಲೇ ಅಡ್ಡಬಿದ್ದರು. "ಯಾವ ಕ್ಷೇತ್ರದ ದೇವರಪ್ಪ ಇದು?"

ಇನ್ಸ್‌ಪೆಕ್ಟರು ಬಂದು ನೋಡಿ, "ಭಟ್ರೆ, ಕಲ್ಲು ಪಾಸಾಗಿದೆ. ನೀವು ಮುಂದಿನ ವಾರ ಬನ್ನಿ" ಎಂದರು.

ನಾನು ಲಾರಿ ಹತ್ತಿ, ಬೆಲ್ಟು ಹಾಕಿ, ಗುಡ್ಡ ಇಳಿಸಿ ತಂದು ನಿಲ್ಲಿಸಿದೆ. ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಆಫೀಸಿನ ಕಿಟಕಿಯ ಹತ್ತಿರ ನಿಂತೆ. ಇನ್ಸ್‌ಪೆಕ್ಟರು ಕಂಪ್ಯೂಟರ್ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿದರು. ಏರಿನಲ್ಲಿ ನಿಲ್ಲಿಸಿದ್ದಕ್ಕೆ ಪೂರ್ತಿ ಮಾರ್ಕು. ಲಾರಿ ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ.

"ಗಾಡಿ ಜಾರಿತಾ ಅಂತ ಇದು ನೋಡುತ್ತೆ. ಒಳಗೆ ಡ್ರೈವರ್ ಇದ್ದನಾ ಅಂತ ನೋಡೋನು ನಾನು. ನಾನು ಎಲ್ಲಾ ನೋಡಿದೀನಿ" ಎಂದರು. ನಾನು ಹೊರಡಲು ತಿರುಗಿದೆ. ಅವರು ನಗು ತಡೆಯಲಾರದೆ ಕೇಳಿದರು: "ಪಾಸು, ಹೋಗಿ. ಲೈಸೆನ್ಸ್ ಮಾತ್ರ ನಿಮ್ಮ ಹೆಸರಿಗೆ ಮಾಡ್ಲೋ, ಲಾರಿ ಹೆಸರಿಗೆ ಮಾಡ್ಲೋ?"

ಹೊರಗೆ ಬಂದರೆ ಬದಲಿ ಡ್ರೈವರ್ ತಾನಾಗಿಯೇ ತನ್ನ ಹೂವಿನ ದಿಂಬನ್ನು ಸೀಟಿನಿಂದ ತೆಗೆದು ಕಂಕುಳಲ್ಲಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ, ಅಂಗಿಯ ತುದಿಯಿಂದ ಒರೆಸಿ ಹೊಳೆಯುವಂತೆ ಮಾಡಿದ ನನ್ನ ಕಲ್ಲು. "ಅಣ್ಣಾ, ಇಂಥದ್ದು ಇನ್ನೊಂದು ಆ ಹೊಳೇಲಿ ಸಿಗುತ್ತಾ?" ಎಂದ.

ನಾನು ಎದೆಯುಬ್ಬಿಸಿ ಹೆಂಡತಿಯ ಮುಂದೆ ನಿಂತೆ. "ನೋಡಿದ್ಯಾ? ಪಾಸು!"

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನೋಡ್ದೆ. ಹೋದ ಸಲ ಲಾರಿ ಒಳಗೇ ಕೂತಿದ್ರಿ, ಫೇಲಾದ್ರಿ. ಈ ಸಲ ಇಳಿದು ಓಡಿದ್ರಿ, ಪಾಸಾದ್ರಿ. ಮದುವೆಯಾದಾಗಿಂದ ನಾನು ಬಾಯಿ ಬಡ್ಕೊಂಡಿದ್ದೂ ಅದನ್ನೇ ಅಲ್ವಾ, ಆ ಲಾರಿಯಿಂದ ಸ್ವಲ್ಪ ಕೆಳಗಿಳೀರಿ ಅಂತ!"